ಗುಜರಿಯಲ್ಲಿ ಹುಟ್ಟುವ ಕಾರು

ಮನೆಯಲ್ಲೇ ಕಾರು ಕಟ್ಟುವ ಹವ್ಯಾಸಿ ಮೊದಲು ಹೋಗುವುದು ಗುಜರಿ ಅಂಗಡಿಗೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಟೀರಿಂಗ್‌ಗಳನ್ನು ಹಿತ್ತಲಲ್ಲಿ ಕೂತು ಮಾಡುವುದು ಆಗುಹೋಗುವ ಮಾತಲ್ಲ. ಆದ್ದರಿಂದ ಇಂಥ ಪ್ರತಿಯೊಂದು ಕಾರಿನ ಹೊಟ್ಟೆಯಲ್ಲೂ ಸತ್ತುಹೋದ ಇನ್ನೊಂದು ಕಾರು ಇರುತ್ತದೆ. ತುಕ್ಕು ತಿಂದ ಬಾಡಿಯನ್ನು ಕಳಚಿ ಎಸೆದು, ಇನ್ನೂ ಉಸಿರಿರುವ ಭಾಗಗಳನ್ನು ಉಳಿಸಿಕೊಂಡು, ಅವಕ್ಕೆ ತನಗೆ ತೋಚಿದ ಮೈ ತೊಡಿಸುವುದೇ ಈ ಹವ್ಯಾಸ. ಆ ಮೈ ಹೇಗಿರಬೇಕೆಂಬುದು ಕಟ್ಟುವವನ ಕಲ್ಪನೆಗೆ ಬಿಟ್ಟದ್ದೆಂದು ತೋರುತ್ತದೆ. ಆದರೆ ಅದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ಊರಿನ ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಮಾಲು ಮತ್ತು ಆ ದೇಶದ ಕಾನೂನು.

ಬ್ರಿಟನ್ನಿನಲ್ಲಿ ಹಾಗೆ ಸಿಕ್ಕಿದ್ದು ಆಸ್ಟಿನ್ ಸೆವೆನ್. 1922ರಿಂದ 1939ರವರೆಗೆ ತಯಾರಾದ ಈ ಪುಟ್ಟ ಕಾರಿನ ಚಾಸಿ ಬೇರೆ, ಬಾಡಿ ಬೇರೆ. ಮೇಲಿನದನ್ನು ತೆಗೆದಿಟ್ಟರೂ ಕೆಳಗಿನದು ಓಡುತ್ತಿತ್ತು. ಮುಂದೆ ಲೋಟಸ್ ಕಾರು ಕಂಪನಿಯನ್ನು ಕಟ್ಟಿದ ಕಾಲಿನ್ ಚಾಪ್ಮನ್ 1948ರಲ್ಲಿ ತನ್ನ ಮೊದಲ ಕಾರನ್ನು ಕಟ್ಟಿದ್ದು 1928ರ ಒಂದು ಹಳೆಯ ಸೆವೆನ್‌ನಿಂದ. ಆಗಿನ್ನೂ ಅವನು ಓದುತ್ತಿದ್ದ ಹುಡುಗ. ಕೆಲಸ ನಡೆದದ್ದು ಪ್ರೇಯಸಿಯ ತಂದೆತಾಯಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ. ಮುಂದೆ ಅವನನ್ನು ಅಳಿಯನಾಗಿ ಒಪ್ಪಿಕೊಂಡ ಆ ಮನೆಯವರ ತಾಳ್ಮೆಗೂ ಲೋಟಸ್ ಕಂಪನಿಯ ಚರಿತ್ರೆಯಲ್ಲಿ ಒಂದು ಜಾಗ ಸಲ್ಲಬೇಕು.

ಅದೇ ಚಾಪ್ಮನ್ 1957ರಲ್ಲಿ ಲೋಟಸ್ ಸೆವೆನ್ ತಂದ. ಆ ಕಾಲದ ಬ್ರಿಟನ್ನಿನಲ್ಲಿ ಸಿದ್ಧ ಕಾರಿಗೆ ಖರೀದಿ ತೆರಿಗೆಯಿತ್ತು, ಬಿಡಿಭಾಗಗಳ ಗಂಟಿಗೆ, ಅಂದರೆ ಕಿಟ್ಟಿಗೆ, ಇರಲಿಲ್ಲ. ಹೀಗಾಗಿ ಕಾರು ಪೆಟ್ಟಿಗೆಗಳಲ್ಲಿ ಗಿರಾಕಿಯ ಮನೆಗೆ ಬಂತು. ಜೊತೆಗೆ ಜೋಡಣೆಯ ಕೈಪಿಡಿ ಕೊಟ್ಟರೆ ತೆರಿಗೆ ವಿನಾಯಿತಿ ತಪ್ಪುತ್ತಿತ್ತಂತೆ. ಅದಕ್ಕೆ ಕಂಪನಿ ಕಾರನ್ನು ಬಿಚ್ಚುವುದು ಹೇಗೆಂಬ ಕೈಪಿಡಿ ಕೊಟ್ಟಿತು, ಜನ ಅದನ್ನು ಹಿಂದಿನಿಂದ ಮುಂದಕ್ಕೆ ಓದಿ ಕಾರು ಕಟ್ಟಿದರು ಎಂಬ ಕಥೆ ಕಾರುಪ್ರಿಯರಲ್ಲಿ ಇಂದಿಗೂ ಓಡಾಡುತ್ತಿದೆ. 1973ರಲ್ಲಿ ಹೊಸ ಮೌಲ್ಯವರ್ಧಿತ ತೆರಿಗೆ ಬಂದು ಈ ಲಾಭ ಕರಗಿತು. ಚಟ ಮಾತ್ರ ಕರಗಲಿಲ್ಲ. ಅದೇ ವರ್ಷ ಸೆವೆನ್‌ನ ಹಕ್ಕನ್ನು ಕೊಂಡ ಕೇಟರ್ಹ್ಯಾಮ್ ಕಂಪನಿ ಈಗಲೂ ಕಿಟ್ ಮಾರುತ್ತದೆ.

ಕಿಟ್ಟಿಗೂ ದುಡ್ಡಿಲ್ಲದವರಿಗೆ 1996ರಲ್ಲಿ ದಾರಿ ತೆರೆಯಿತು. ಶಾಲಾ ಮೇಷ್ಟರಾಗಿದ್ದ ರಾನ್ ಚಾಂಪಿಯನ್ ಬರೆದ ಪುಸ್ತಕವೊಂದು, 250 ಪೌಂಡಿಗೆ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳಬಹುದೆಂದು ತಲೆಬರಹದಲ್ಲೇ ಸಾರಿತು. ಒಂದಂಗುಲದ ಚೌಕ ಕಬ್ಬಿಣದ ಕೊಳವೆ, ಒಂದು ವೆಲ್ಡಿಂಗ್ ಯಂತ್ರ, ಒಂದು ಮುದಿ ಫೋರ್ಡ್ ಎಸ್ಕಾರ್ಟ್ ಇದ್ದರೆ ಸಾಕು. ಕೊಳವೆಗಳನ್ನು ಆದಷ್ಟೂ ತ್ರಿಕೋನಗಳಾಗಿ ಬೆಸೆಯುವುದರಲ್ಲಿ ಗುಟ್ಟಿದೆ: ನಾಲ್ಕು ಮೂಲೆಯ ಚೌಕಟ್ಟನ್ನು ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಜಗ್ಗುವುದಿಲ್ಲ. ನಮ್ಮ ಹಂಚಿನ ಮನೆಗಳ ಮಾಡಿಗೆ ಮರ ಕೂಡಿಸುವ ಬಡಗಿಗೂ ಇದು ಗೊತ್ತು.

ಕಟ್ಟಿದ ಮೇಲೆ ಪರೀಕ್ಷೆ. ಬ್ರಿಟನ್ನಿನಲ್ಲಿ ಒಂಟಿ ಕಾರನ್ನೂ ಸರಕಾರಿ ಪರೀಕ್ಷಕರು ನೋಡಿ ಒಪ್ಪುತ್ತಾರೆ. ಬ್ರೇಕು, ದೀಪ, ಹೊಗೆಯನ್ನು ನೋಡಿದ ಮೇಲೆ ಹೊರಗೆ ಚಾಚಿದ ಅಂಚುಗಳ ದುಂಡನ್ನೂ ಅಳೆಯುತ್ತಾರೆ, 2.5 ಮಿಲಿಮೀಟರ್‌ಗಿಂತ ಚೂಪಾಗಿದ್ದರೆ ಕಾರು ಮನೆಗೆ ವಾಪಸು. ಯಾವ ಹಳೆಯ ಭಾಗ ಎಲ್ಲಿಂದ ಬಂತೆಂಬ ಲೆಕ್ಕ ಸಿಗದ ವಾಹನಗಳ ನಂಬರು ಕ್ಯೂ ಅಕ್ಷರದಿಂದ ಶುರುವಾಗುತ್ತದೆ. ಗೋತ್ರ ಗೊತ್ತಿಲ್ಲದಿದ್ದರೂ ಊಟದ ಪಂಕ್ತಿಯಲ್ಲಿ ಎಲೆ ಹಾಕಿಸಿದ ಹಾಗೆ. ಈ ಔದಾರ್ಯದಿಂದಲೇ ಎಡ್ ಚೈನಾ ಎಂಬ ಹವ್ಯಾಸಿ ಸೋಫಾವೊಂದಕ್ಕೆ ಮಿನಿ ಕಾರಿನ ಎಂಜಿನ್ ಜೋಡಿಸಿ, ಪಿಜ್ಜಾ ತಟ್ಟೆಯನ್ನು ಸ್ಟೀರಿಂಗ್ ಮಾಡಿಕೊಂಡು, 1998ರಲ್ಲಿ ಗಂಟೆಗೆ 140 ಕಿಲೋಮೀಟರ್ ವೇಗ ಮುಟ್ಟಿ ದಾಖಲೆ ಮಾಡಲು ಸಾಧ್ಯವಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕ ಮಾಲು ಫೋಕ್ಸ್‌ವ್ಯಾಗನ್ ಬೀಟಲ್. ದೋಣಿ ಕಟ್ಟಿ ಫೈಬರ್‌ಗ್ಲಾಸ್ ಬಲ್ಲವನಾಗಿದ್ದ ಬ್ರೂಸ್ ಮೇಯರ್ಸ್ 1964ರಲ್ಲಿ ಬೀಟಲ್‌ನ ಭಾಗಗಳಿಗೆ ಬಾನಿಯಂಥ ಮೈ ಕೂರಿಸಿ, ಬಗ್ಗಿ ಎಂಬ ಹಗುರ ಕಾರು ಮಾಡಿ ಮರಳ ಮೇಲೆ ಓಡಿಸಿದ. 1967ರಲ್ಲಿ ಆ ಬಗ್ಗಿ ಮೆಕ್ಸಿಕೋದ ಲಾ ಪಾಸ್‌ನಿಂದ ಟಿಹ್ವಾನಾಕ್ಕೆ 34 ಗಂಟೆ 45 ನಿಮಿಷಗಳಲ್ಲಿ ತಲುಪಿ ಮೋಟಾರ್ ಸೈಕಲ್ಲಿನ ದಾಖಲೆಯನ್ನು ಮುರಿಯಿತು. ಅದರ ನಕಲುಗಳು ಅಸಲಿಗಿಂತ ಎಷ್ಟೋ ಪಾಲು ಹೆಚ್ಚಾದವು.

ಭಾರತದಲ್ಲಿ ಕಥೆ ಬೇರೆ. ಹೊಸ ಮಾದರಿಯ ಯಾವ ವಾಹನವಾದರೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಳಗಾಗಬೇಕು. ಸಾವಿರಾರು ಕಾರು ಮಾರುವವರಿಗೆ ಮಾಡಿದ ಈ ಏರ್ಪಾಟು ಒಂದೇ ಕಾರು ಕಟ್ಟುವವನಿಗೆ ಎಟುಕದು. ಇದ್ದ ಕಾರನ್ನೇ ಬದಲಾಯಿಸೋಣವೆಂದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ನಿಲ್ಲುತ್ತದೆ. ರಸ್ತೆಯ ಸುರಕ್ಷತೆಗೆ ಇದು ಒಳ್ಳೆಯದೇ. ಆದರೆ ಒಂಟಿ ಕಾರಿಗೆ ಬ್ರಿಟನ್ನಿನಂಥ ಪ್ರತ್ಯೇಕ ಪರೀಕ್ಷೆಯೊಂದನ್ನು ಇಡದಿರುವುದು ಕೊರತೆಯೇ ಸರಿ. ಹಾಗಾಗಿ ಇಲ್ಲಿನ ಹವ್ಯಾಸ ಬೇರೆ ಬಾಗಿಲು ಹುಡುಕಿಕೊಂಡಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂಟಿ ಸೀಟಿನ ಬಗ್ಗಿ ಕಟ್ಟಿ ಬಾಹಾ ಎಂಬ ವಿದ್ಯಾರ್ಥಿ ಸ್ಪರ್ಧೆಗೆ ಒಯ್ಯುತ್ತಾರೆ. ಮಣಿಪಾಲದ ವಿದ್ಯಾರ್ಥಿಗಳು ಸೌರ ಕಾರು ಕಟ್ಟಿದ್ದಾರೆ. ಕರ್ನಾಟಕದ ಸೈಯದ್ ಸಜ್ಜನ್ ಅಹಮದ್ ಅರವತ್ತು ದಾಟಿದ ಮೇಲೆ, ತಾವೇ ಕಟ್ಟಿದ ಸೌರ ಕಾರನ್ನು 2015ರಲ್ಲಿ ವಿಜ್ಞಾನ ಮೇಳಕ್ಕೆಂದು ದೆಹಲಿಯವರೆಗೆ ಓಡಿಸಿಕೊಂಡು ಹೋದರು.

ಇವೆಲ್ಲಕ್ಕಿಂತ ವಿಚಿತ್ರವಾದ ಬಾಗಿಲು ಹೈದರಾಬಾದಿನ ಕೆ. ಸುಧಾಕರ್ ಅವರದು. ಗುಜರಿಯ ಕಬ್ಬಿಣ, ಸಣ್ಣ ಎಂಜಿನ್ನುಗಳಿಂದ ಅವರು ಬದನೆಕಾಯಿ, ಬರ್ಗರ್, ಕ್ರಿಕೆಟ್ ಬ್ಯಾಟು, ಕಮೋಡು, ಲಿಪ್‌ಸ್ಟಿಕ್, ಎತ್ತರದ ಹಿಮ್ಮಡಿಯ ಚಪ್ಪಲಿ ಹೀಗೆ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಚಕ್ರ ಹಾಕಿದ್ದಾರೆ. 2005ರಲ್ಲಿ ಅವರು ಓಡಿಸಿದ 41 ಅಡಿ 7 ಅಂಗುಲ ಎತ್ತರದ ಮೂರು ಚಕ್ರದ ಸೈಕಲ್ಲು ಗಿನ್ನೆಸ್ ದಾಖಲೆಗೆ ಸೇರಿತು. ಅದರ ಒಂದು ಗಾಲಿಯೇ 17 ಅಡಿ. ಈ ಕಾರುಗಳಿಗೆ ದಿನನಿತ್ಯದ ರಸ್ತೆಯಿಲ್ಲ. ಮಹಿಳಾ ದಿನಕ್ಕೋ ಕ್ರಿಕೆಟ್ ಹಬ್ಬಕ್ಕೋ ಉತ್ಸವಮೂರ್ತಿಯಂತೆ ಹೊರಬಂದು ಮರಳುತ್ತವೆ. ಉಳಿದ ದಿನಗಳಲ್ಲಿ ಅವು ಇರುವುದು 2010ರಲ್ಲಿ ತೆರೆದ ಸುಧಾ ಕಾರ್ಸ್ ಮ್ಯೂಸಿಯಂನಲ್ಲಿ. ನೆಹರು ಮೃಗಾಲಯಕ್ಕೆ ಹುಲಿ ನೋಡಲು ಹೋದವರು ಹತ್ತಿರದಲ್ಲೇ ಇರುವ ಬದನೆಕಾಯಿ ಕಾರನ್ನೂ ನೋಡಿ ಬರಬಹುದು.