ಹರಿಗೋಲಿನ ತೊಗಲು

ದೋಣಿ ಅಂದರೆ ಶಾಲೆಯ ಪುಸ್ತಕದಲ್ಲಿ ಮರದ ದೋಣಿ. ನಮ್ಮ ಬಯಲುಸೀಮೆಗೆ ಅದೆಲ್ಲಿಂದ ಬರಬೇಕು? ದೇವರಾಯನದುರ್ಗದಲ್ಲಿ ಹುಟ್ಟಿ, ಗುಬ್ಬಿ ಸೀಮೆ ದಾಟಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆ ಸೇರುವ ಶಿಂಷೆ, ಬೇಸಿಗೆ ಬಂದರೆ ಬರೀ ಮರಳು. ನಮ್ಮ ದೋಣಿ ಹರಿಗೋಲು. ಮೀನು ಹಿಡಿಯುವವರ ಬಾಯಲ್ಲಿ ತೆಪ್ಪ. ಬಿದಿರಿನ ದುಂಡು ಬುಟ್ಟಿ, ಅದರ ಮೈಗೆ ತೊಗಲು.

ಬುಟ್ಟಿ ಮೇದರದು. ತೊಗಲು ನಮ್ಮದು.

ಊರಲ್ಲಿ ಎಮ್ಮೆ ಸತ್ತರೆ ಹೇಳಿಕಳಿಸುತ್ತಿದ್ದದ್ದು ನಮ್ಮ ಕೇರಿಗೆ. ಹೊತ್ತು ತರಬೇಕು, ಸುಲಿಯಬೇಕು, ಸುಣ್ಣದ ನೀರಲ್ಲಿ ನೆನೆಸಿ ಕೂದಲು ಹೆರೆಯಬೇಕು, ತಂಗಡಿ ಚೆಕ್ಕೆಯ ರಸದಲ್ಲಿ ದಿನಗಟ್ಟಲೆ ಹಾಕಬೇಕು. ಆ ನಾತ ಅನ್ನದ ತಟ್ಟೆಗೂ ಬರುತ್ತಿತ್ತಂತೆ. ಆಮೇಲೆ ತೊಗಲಿಗೆ ತೊಗಲು ಸೇರಿಸಿ ಹೊಲಿದು, ಹಸಿ ಇರುವಾಗಲೇ ಬುಟ್ಟಿಗೆ ಎಳೆದು ಬಿಗಿದರೆ, ಒಣಗಿದಾಗ ಬಿದಿರನ್ನು ಕಚ್ಚಿ ಹಿಡಿಯುತ್ತದೆ. ಇಷ್ಟಕ್ಕೆಲ್ಲ ಕೂಲಿ, ಸುಗ್ಗಿಯಲ್ಲಿ ಕಣದ ಮೂಲೆಯ ರಾಗಿ.

ಆ ತೊಗಲ ಮೇಲೆ ಕೂತು ಎಲ್ಲ ಜಾತಿಯವರೂ ಹೊಳೆ ದಾಟಿದರು. ಕಪಿಲೆ ಬಾನಿಯೂ ನಮ್ಮ ತೊಗಲೇ. ಊರಿನ ತೋಟ ಕುಡಿದದ್ದು ಆ ಬಾನಿಯ ನೀರನ್ನು. ಅದೇ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ ನಮ್ಮವ್ವ. ಸತ್ತ ಎಮ್ಮೆಗೆ ನೀರೊಳಕ್ಕೆ ದಾರಿ ಇತ್ತು, ಬದುಕಿದ್ದ ನಮಗಿರಲಿಲ್ಲ!

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ದೊಮಿಂಗೊ ಪಯಸ್ ಆನೆಗೊಂದಿಯ ಬಳಿ ಹರಿಗೋಲು ಕಂಡು ಬರೆದಿದ್ದಾನೆ: ಬುಟ್ಟಿಯ ಹಾಗೆ ದುಂಡಗಿದೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಕುದುರೆ ಎತ್ತುಗಳೂ ದಾಟುತ್ತವೆ. ಕುದುರೆ ಲೆಕ್ಕಕ್ಕೆ ಸಿಕ್ಕಿತು. ತೊಗಲು ಹದ ಮಾಡಿದ ಕೈ ಸಿಗಲಿಲ್ಲ. ಪರದೇಶಿಯನ್ನು ಯಾಕೆ ಬಯ್ಯೋಣ, ನಮ್ಮವರೇ ಬರೆದರೇನು? ಮೇದರ ಕೇತಯ್ಯ, ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಈ ಮೂವರು ಶರಣರನ್ನೂ ನಾವು ಬಿ.ಎ.ಯಲ್ಲಿ ಬೇರೆ ಬೇರೆಯಾಗಿ ಓದಿ ಪಾಸಾದೆವು. ಮೂವರ ಕುಲಕಸುಬು ಕೂಡಿದರೆ ಒಂದು ಹರಿಗೋಲು ಅಂತ ಯಾವ ಮೇಷ್ಟರೂ ಹೇಳಲಿಲ್ಲ.

ಈಗ ತೊಗಲಿಲ್ಲ. ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಹಳೇ ಕಸುಬು ಹಾಳಾಯ್ತು ಅಂತ ಜಾನಪದದ ಭಾಷಣಗಳಲ್ಲಿ ಕೊರಗುವವರಿದ್ದಾರೆ. ಕೊರಗಲಿ, ಆದರೆ ಅದರ ನಾತ ಉಂಡವರು ಯಾರು ಅಂತಲೂ ಹೇಳಲಿ. ಕೇರಿಯಲ್ಲಿ ಡಿಗ್ರಿ ಮುಟ್ಟಿದ ನಾವು ನಾಲ್ವರು ತಾತನನ್ನು ಕೇಳಿದೆವು, "ಯಾಕ್ ತಾತ ಬುಟ್ಟೆ?"

"ಬುಟ್ಟಿದ್ದೇ ಒಳ್ಳೇದಾತು ಕಣ್ರೋ. ಆ ಸುಣ್ಣದ ನೀರು ನಿಮ್ ಕೈಗೆ ಬ್ಯಾಡ."

ಹಾಗಂದ ತಾತನೇ ಹೋದ ವರ್ಷ ಮಾರ್ಕೋನಹಳ್ಳಿಯ ದಂಡೆಯಲ್ಲಿ ಮಗುಚಿಟ್ಟಿದ್ದ ಒಂದು ತೆಪ್ಪದ ಮುಂದೆ ಕುಕ್ಕುರುಗಾಲಲ್ಲಿ ಕೂತ. ಪ್ಲಾಸ್ಟಿಕ್ಕಿನ ಹೊಲಿಗೆ ಮೇಲೆ ಹೆಬ್ಬೆರಳು ಒತ್ತುತ್ತಾ ಒಂದು ಸುತ್ತು ಬಂದ.

"ಎಳೆದು ಒಲಿದಿಲ್ಲ. ನೀರು ಕುಡೀತದೆ ಇದು."