ನಡೆದು ಮುಟ್ಟುವಷ್ಟು ದೂರ

ಪುಣೆಯಲ್ಲಿ ಬಾಡಿಗೆ ಮನೆ ಹುಡುಕಹೊರಟರೆ ಏಜೆಂಟರು ಬಜೆಟ್ ಕೇಳುತ್ತಾರೆ, ಪಾರ್ಕಿಂಗ್ ಬೇಕೇ ಎಂದು ಕೇಳುತ್ತಾರೆ. ಕಾಯಿಪಲ್ಲೆ ಅಂಗಡಿಗೆ ಎಷ್ಟು ದೂರ ನಡೆಯಬೇಕು, ಔಷಧ ತರಲು ಎಷ್ಟು ರಸ್ತೆ ದಾಟಬೇಕು ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ವಯಸ್ಸಾದ ತಾಯಿಯನ್ನು ಜೊತೆಗಿಟ್ಟುಕೊಂಡವರಿಗೆ ಅದೇ ದೊಡ್ಡ ಲೆಕ್ಕ. ನಾವು ಪುಣೆಯ ಹಳೆಯ ದಂಡಿನ ಪ್ರದೇಶವಾದ ಕ್ಯಾಂಪ್‌ಗೆ ಬಂದದ್ದು ಆ ಲೆಕ್ಕ ಹಾಕಿಯೇ.

ಮೊದಲಿದ್ದದ್ದು ಹಿಂಜವಡಿ ಕಡೆಯ ಎತ್ತರದ ಕಟ್ಟಡದಲ್ಲಿ. ಲಿಫ್ಟ್ ಇತ್ತು, ಈಜುಕೊಳವಿತ್ತು, ಗೇಟಿಗೆ ಕಾವಲಿತ್ತು. ಗೇಟು ದಾಟಿದ ಮೇಲೆ ಅವ್ವನಿಗೆ ಹೋಗಲು ಜಾಗವೇ ಇರಲಿಲ್ಲ. ಧಾರವಾಡದಲ್ಲಿ ದಿನಾ ಸಂಜೆ ಪೇಟೆಗೆ ಹೋಗಿ ಸೊಪ್ಪು ಆರಿಸಿ ತರುತ್ತಿದ್ದವಳು ಒಂದು ಕಟ್ಟು ಕೊತ್ತಂಬರಿಗೂ ನನ್ನ ದಾರಿ ಕಾಯುವಂತಾಯಿತು. ಕಾಲು ಗಟ್ಟಿ ಇದ್ದೂ ಮನೆಯೊಳಗೇ ಕೂತವಳನ್ನು ನೋಡುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಕ್ಯಾಂಪ್ ನಡೆಯುವವರಿಗೆ ಅನುಕೂಲವಾಗಿರುವುದಕ್ಕೆ ಹಳೆಯ ಕಾರಣವಿದೆ. 1817ರ ಖಡಕಿ ಕಾಳಗದಲ್ಲಿ ಪೇಶ್ವೆ ಸೋತ ಮೇಲೆ ಇಂಗ್ಲಿಷರು ಹಳೆಯ ಊರಿನ ಪೇಠೆಗಳಿಂದ ಪೂರ್ವಕ್ಕೆ ತಮ್ಮ ದಂಡನ್ನು ನೆಲೆಗೊಳಿಸಿದರು. ದಂಡಿಗೆ ದರ್ಜಿ ಬೇಕು, ಬೇಕರಿ ಬೇಕು, ಮಾಂಸದಂಗಡಿ ಬೇಕು. ಹೀಗೆ ಬೆಳೆದದ್ದು ಸದರ್ ಬಜಾರ್. ಪಾರ್ಸಿಗಳು, ಬೋಹ್ರಾಗಳು, ಯಹೂದಿಗಳು, ಗೋವೆಯ ಕ್ರೈಸ್ತರು ಬಂದು ನೆಲೆಸಿದರು. ಮೋಟಾರು ಇಲ್ಲದ ಕಾಲದ ಪೇಟೆಯಾದ್ದರಿಂದ ಕೆಳಗೆ ಅಂಗಡಿ, ಮೇಲೆ ಮನೆ, ಓಣಿಗೆ ಓಣಿ ಅಂಟಿಕೊಂಡೇ ಇವೆ. ಕಂಟೋನ್ಮೆಂಟಿನ ಕಟ್ಟಡ ನಿಯಮಗಳು ಬಿಗಿಯಾಗಿದ್ದರಿಂದ ಗೋಪುರದಂಥ ಕಟ್ಟಡಗಳು ಇಲ್ಲಿ ಏಳಲಿಲ್ಲ. ಡೇವಿಡ್ ಸಸೂನ್ ಕಟ್ಟಿಸತೊಡಗಿ, ಅವನು ತೀರಿದ ಮೇಲೆ 1867ರಲ್ಲಿ ಮುಗಿದ ಸಿನಗಾಗ್, ಜನರ ಬಾಯಲ್ಲಿ ಲಾಲ್ ದೇವಳ, ಈಗಲೂ ತನ್ನ ಕೆಂಪು ಇಟ್ಟಿಗೆಯ ಗೋಪುರದಿಂದ ದಾರಿಹೋಕರಿಗೆ ಗುರುತಾಗಿದೆ.

ನಾವು ಹಿಡಿದದ್ದು ಸೆಂಟರ್ ಸ್ಟ್ರೀಟ್ ಹತ್ತಿರದ ಹಳೆಯ ಮನೆಯ ಮೊದಲ ಮಹಡಿ. ಕಡಿದಾದ ಮರದ ಮೆಟ್ಟಿಲು. ತುಳಿದು ತುಳಿದು ನಡುವೆ ತಗ್ಗು ಬಿದ್ದಿವೆ. ಹಿಡಿದು ಹತ್ತಲು ಮೇಲಿನಿಂದ ಇಳಿಬಿಟ್ಟ ದಪ್ಪ ಹಗ್ಗ, ಕೈಬೆವರಿಗೆ ಕಪ್ಪಾಗಿ ನುಣುಪಾಗಿದೆ. ಮನೆಯೊಡತಿ ವಯಸ್ಸಾದ ಪಾರ್ಸಿ ಹೆಂಗಸು. ನಾನು ಬಾಡಿಗೆಯ ಮಾತೆತ್ತಿದಾಗ ತಡೆದು, ‘ಮೊದಲು ನಿಮ್ಮ ತಾಯಿ ಹತ್ತಿ ಇಳಿಯಲಿ, ಬಾಡಿಗೆ ಆಮೇಲೆ’ ಎಂದು ಹಿಂದಿಯಲ್ಲಿ ಹೇಳಿದರು. ಅವ್ವ ಹಗ್ಗ ಹಿಡಿದು ಹತ್ತಿದಳು, ಇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನನಗೆ ಅರ್ಧ ಮನೆ ಅಲ್ಲೇ ಗೊತ್ತಾಯಿತು.

ಡಿಪಾಸಿಟ್ ಎರಡು ತಿಂಗಳದ್ದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಗೊತ್ತಿದ್ದ ನಮಗೆ ಅದೇ ಸಮಾಧಾನ. ಕರಾರು ಹನ್ನೊಂದು ತಿಂಗಳಿಗೆ, ಲೀವ್ ಅಂಡ್ ಲೈಸೆನ್ಸ್. ಕರ್ನಾಟಕದಿಂದ ಬಂದವರು ಇಲ್ಲಿ ಒಂದು ಮಾತು ತಿಳಿದಿರಬೇಕು. ಹನ್ನೊಂದು ತಿಂಗಳದ್ದಾದರೆ ನೋಂದಣಿ ಬೇಡ ಎಂಬ ಮಾತು ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು ಕರಾರನ್ನು ಬರೆದು ನೋಂದಾಯಿಸಲೇಬೇಕು ಎನ್ನುತ್ತದೆ, ಆ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುತ್ತದೆ. ನೋಂದಾಯಿತ ಕರಾರು ಇಲ್ಲದಿದ್ದಾಗ ಷರತ್ತುಗಳ ಬಗ್ಗೆ ಜಗಳ ಬಂದರೆ, ಬೇರೆ ರೀತಿ ಸಾಬೀತಾಗುವವರೆಗೆ ಬಾಡಿಗೆದಾರರ ಮಾತೇ ನಿಲ್ಲುತ್ತದೆ. ಬಾಡಿಗೆದಾರರ ಪರವಾಗಿ ಕಾನೂನು ಇಷ್ಟು ನೇರವಾಗಿ ಮಾತಾಡುವುದು ಅಪರೂಪ, ನನಗೆ ಅದರ ಬಗ್ಗೆ ಗೌರವವಿದೆ.

ಈಗ ಅವ್ವ ಬೆಳಿಗ್ಗೆ ಚೀಲ ಹಿಡಿದು ಒಬ್ಬಳೇ ಶಿವಾಜಿ ಮಾರ್ಕೆಟ್‌ಗೆ ಹೋಗುತ್ತಾಳೆ. ಬರುವಾಗ ಮನಸ್ಸಾದರೆ ಈಸ್ಟ್ ಸ್ಟ್ರೀಟ್‌ವರೆಗೆ ನಡೆದು ಕಯಾನಿ ಬೇಕರಿಯ ಸರತಿಯಲ್ಲಿ ನಿಲ್ಲುತ್ತಾಳೆ. 1955ರಿಂದ ನಡೆದುಬಂದ ಬೇಕರಿ ಅದು, ಶ್ರೂಸ್‌ಬರಿ ಬಿಸ್ಕತ್ತಿನ ಬೆಣ್ಣೆಯ ವಾಸನೆ ಫುಟ್‌ಪಾತಿನವರೆಗೂ ಬರುತ್ತದೆ. ಮೆಂತೆ ಸೊಪ್ಪು ಮಾರುವ ಹೆಂಗಸು ಅವ್ವನ ಮರಾಠಿ ಕೇಳಿದವಳೇ, ‘ಧಾರವಾಡದ ಕಡೆಯೋರೇನ್ರಿ? ನಾವು ಆಳಂದದೋರು’ ಎಂದಳಂತೆ. ಅಂದಿನಿಂದ ಅವರದು ಕನ್ನಡದಲ್ಲೇ ಚೌಕಾಶಿ. ‘ಇಲ್ಲಿ ನಾ ಯಾರ ದಾರೀನೂ ಕಾಯಬೇಕಾಗಿಲ್ಲ ನೋಡವಾ’ ಎಂದು ಅವ್ವ ಒಮ್ಮೆ ಹೇಳಿದಳು. ಕೊಡುವ ಬಾಡಿಗೆಯಲ್ಲಿ ಅರ್ಧ ಗೋಡೆ-ಸೂರಿಗೆ, ಅರ್ಧ ಈ ಮಾತಿಗೆ ಎಂದುಕೊಂಡಿದ್ದೇನೆ.

ಆದ್ದರಿಂದಲೇ ಇಲ್ಲಿಯ ಅಂಗಡಿಗಳಿಗೆ ಆಗುವ ಪೆಟ್ಟು ಮನೆಗಳಿಗೂ ಬೀಳುತ್ತದೆ. 2021ರ ಮಾರ್ಚ್‌ನಲ್ಲಿ ಶಿವಾಜಿ ಮಾರ್ಕೆಟ್‌ಗೆ ಬೆಂಕಿ ಬಿತ್ತು. ಅದೇ ತಿಂಗಳು ಬಟ್ಟೆ ಅಂಗಡಿಗಳ ಫ್ಯಾಷನ್ ಸ್ಟ್ರೀಟ್ ಸುಟ್ಟಿತು. ಅಂಥ ಪೇಟೆ ಇಲ್ಲವಾದರೆ ಲಿಫ್ಟಿಲ್ಲದ, ಪಾರ್ಕಿಂಗ್ ಇಲ್ಲದ ಈ ಹಳೆಯ ಮನೆಗಳಲ್ಲಿ ಇರಲು ಯಾರು ಬಂದಾರು? ಪೇಟೆ ಉಳಿದರಷ್ಟೇ ಸಾಲದು, ಅಲ್ಲಿಗೆ ನಡೆಯುವ ಹಾದಿಯೂ ಉಳಿಯಬೇಕು. ಫುಟ್‌ಪಾತಿನ ಮೇಲೆ ಸಾಲಾಗಿ ನಿಲ್ಲಿಸುವ ಸ್ಕೂಟರ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವ್ವನಂಥವರು ಅವುಗಳಿಂದಾಗಿ ರಸ್ತೆಗೆ ಇಳಿಯಬೇಕು, ರಿಕ್ಷಾಗಳ ನಡುವೆ ನಡೆಯಬೇಕು. ಎರಡು ಶತಮಾನ ನಡೆದು ಬದುಕಿದ ಪೇಟೆಯಲ್ಲಿ ಮುದುಕರ ಹಾದಿಯನ್ನು ಹೀಗೆ ಕಿತ್ತುಕೊಳ್ಳುವುದು ಅನ್ಯಾಯ.

ಕ್ಯಾಂಪ್‌ನಲ್ಲಿ ಮನೆ ನೋಡಲು ಬರುವವರು ಸಂಜೆ ಏಳರ ಹೊತ್ತಿಗೆ, ಪೇಟೆ ತುಂಬಿರುವಾಗ ಬನ್ನಿ. ಮನೆಯ ಹಿರಿಯರನ್ನೂ ಕರೆತನ್ನಿ. ಅವರು ಆ ಮೆಟ್ಟಿಲಿಳಿದು ಮಾರ್ಕೆಟ್ ಮುಟ್ಟಿ ವಾಪಸು ಹತ್ತಿ ಬಂದ ಮೇಲೆಯೇ ಟೋಕನ್ ಕೊಡಿ. ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಕೆಳಗಿನ ಅಂಗಡಿಯವರನ್ನು ಕೇಳಿ. ಏಜೆಂಟರಿಗಿಂತ ಅವರಿಗೆ ಸರಿಯಾಗಿ ಗೊತ್ತಿರುತ್ತದೆ.