ಪಾಣಿಪಂಚೆ

ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಳೆಗಳ ನಡುವೆ ಕಿಂಡಿ ಕಂಡೊಡನೆ ‘ಜಾಳು’ ಎಂದು ಬದಿಗೆ ಸರಿಸುವುದು ನಮ್ಮ ಗೃಹಸ್ಥರ ರೂಢಿ. ಈ ಪರೀಕ್ಷೆಯು ಜರಿಯಂಚಿನ ಧೋತ್ರಕ್ಕೆ ಸಲ್ಲಬಹುದು; ಪಾಣಿಪಂಚೆಗೆ ಸಲ್ಲದು. ಅದರ ಗುಣವಿರುವುದೇ ಆ ಕಿಂಡಿಗಳಲ್ಲಿ. ಮಿಂದ ಮೈಯ ನೀರು ಎಳೆಗಳ ಎಡೆಯಲ್ಲಿ ಸೇರುವುದು. ಹಿಂಡಿ ಹರವಿದರೆ ಗಾಳಿಯು ಅದೇ ಎಡೆಯಲ್ಲಿ ನುಸುಳಿ ಬೇಗನೆ ಆರಿಸುವುದು. ಬೇಸಗೆಯಲ್ಲಿ ಹೊದೆದವನ ಬೆವರಿಗೂ ಇದೇ ಉಪಚಾರ. ಗಿರಣಿಯ ದಪ್ಪ ಟವೆಲ್ಲಾದರೋ ಮಳೆಗಾಲದಲ್ಲಿ ಎರಡು ದಿನ ಗಳುವಿನ ಮೇಲಿದ್ದರೂ ಮುಗ್ಗಲು ನಾರುತ್ತಿರುವುದು!

ನೂಲು ಒರಟೆಂಬ ಆಕ್ಷೇಪವೊಂದುಂಟು. ಒಂದು ಪೌಂಡಿನಲ್ಲಿ 840 ಗಜದ ಲಡಿಗಳು ಎಷ್ಟೋ, ನೂಲಿನ ನಂಬರು ಅಷ್ಟು. ಆದುದರಿಂದ 20ನೆಯ ನಂಬರಿನ ಎಳೆಯು, ಅಷ್ಟೇ ಉದ್ದದ 80ನೆಯದಕ್ಕಿಂತ ನಾಲ್ಮಡಿ ತೂಗುವುದು. ಇದು ತೂಕದ ಲೆಕ್ಕವೇ ಹೊರತು ಯೋಗ್ಯತೆಯದಲ್ಲ. ನಾಡಹತ್ತಿಯ ಗಿಡ್ಡ ನಾರು ದಪ್ಪ ನೂಲಿಗೇ ಒದಗತಕ್ಕದ್ದು.

1985ರ ಕೇಂದ್ರ ಕಾಯಿದೆಯ ಮೇರೆಗೆ ಧೋತ್ರ, ಟವೆಲು, ಅಂಗವಸ್ತ್ರಗಳ ಕೆಲವು ಬಗೆಗಳು ಕೈಮಗ್ಗಕ್ಕೆ ಮೀಸಲಾಗಿವೆ. ಆದರೆ ಕೊಳ್ಳುವವರೇ ಮುಖ ತಿರುಗಿಸಿದರೆ ಬರಿಯ ಮೀಸಲು ನೇಕಾರನ ಒಲೆ ಹೊತ್ತಿಸೀತೆ?

ಹೊಸ ಪಾಣಿಪಂಚೆಯು ನೀರು ಹಿಡಿಯದೆಂದು ದೂರುವವರೂ ಇದ್ದಾರೆ. ಅದು ನೇಯುವಾಗ ಹಾಸಿಗೆ ಹಚ್ಚಿದ ಗಂಜಿಯ ಕೆಲಸ. ರಾತ್ರಿ ನೆನೆಯಿಟ್ಟು, ಎರಡು ಮೂರು ಬಾರಿ ಒಗೆದು, ಆ ಮೇಲೆ ಮೈಯೊರಸಿಕೊಳ್ಳಬೇಕು.